ಸೋಫಿಯಾ ಲರ್ನಿಂಗ್: ತಿಂಗಳಿಗೆ 99 ಡಾಲರ್ ಕೊಡುವ ಮುಂಚೆ ಕಾಲೇಜು ನೋಡಿಕೊಳ್ಳಿ

ಅಮೆರಿಕದಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟು, ಈಗ ಕೆಲಸ, ಮನೆ, ಮಕ್ಕಳ ನಡುವೆ ಅದನ್ನು ಮುಗಿಸಬೇಕು ಅಂತಿರುವವರು, ಅದಕ್ಕಾಗಿ ಹೊಸದಾಗಿ ಸಾಲ ಮಾಡಲು ಇಷ್ಟವಿಲ್ಲದವರು ಸೋಫಿಯಾ ಲರ್ನಿಂಗ್ ಅನ್ನು ಖಂಡಿತ ನೋಡಬೇಕು. ನಾನು ಬಳಸಿದ್ದೇನೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕಾರ್ಡ್ ನಂಬರ್ ಹಾಕುವ ಮುಂಚೆ ನೀವು ಸೇರಬೇಕಾದ ಕಾಲೇಜು ಯಾವುದು ಅಂತ ತೀರ್ಮಾನ ಆಗಿರಬೇಕು. ಇದನ್ನು ಬಿಟ್ಟು ಉಳಿದದ್ದೆಲ್ಲಾ ಆಮೇಲಿನ ಮಾತು.

ಮೊದಲು ಇದೇನು ಅಂತ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಸೋಫಿಯಾನೇ ಒಂದು ಕಾಲೇಜು ಅಂದುಕೊಂಡಿದ್ದಾರೆ. ಅಲ್ಲ. ಅದು ಡಿಗ್ರಿ ಕೊಡುವುದಿಲ್ಲ, ಕೋರ್ಸ್ ಮಾತ್ರ ಕೊಡುತ್ತದೆ. ಆ ಕೋರ್ಸ್‌ಗಳನ್ನು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್, ಅಂದರೆ ಎಲ್ಲರೂ ಎಸಿಇ ಅನ್ನುವ ಸಂಸ್ಥೆ, ಪರಿಶೀಲಿಸಿ 'ಇದು ಇಷ್ಟು ಕ್ರೆಡಿಟ್‌ಗೆ (ಡಿಗ್ರಿಗೆ ಲೆಕ್ಕ ಹಾಕುವ ಓದಿನ ಅಳತೆಗೆ) ಸಮ' ಅಂತ ಶಿಫಾರಸು ಮಾಡುತ್ತದೆ. ಶಿಫಾರಸು ಅಷ್ಟೇ. ಒಪ್ಪುವುದು ಬಿಡುವುದು ಆಯಾ ಕಾಲೇಜಿನ ಇಷ್ಟ. ಎಸಿಇ ಹೇಳಿತು ಅಂತ ಯಾವ ಕಾಲೇಜೂ ಕಣ್ಣುಮುಚ್ಚಿ ತೆಗೆದುಕೊಳ್ಳಬೇಕು ಅಂತ ನಿಯಮ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ಬ್ಯಾಚುಲರ್ ಡಿಗ್ರಿ ಅಂದರೆ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ಕೋರ್ಸಿಗೆ ಹೆಚ್ಚಾಗಿ 3 ಕ್ರೆಡಿಟ್, ಹಾಗಾಗಿ ಸುಮಾರು 40 ಕೋರ್ಸ್. 2024-25ರಲ್ಲಿ ಸರ್ಕಾರಿ ನಾಲ್ಕು ವರ್ಷದ ಕಾಲೇಜುಗಳಲ್ಲಿ ಅದೇ ರಾಜ್ಯದವರಿಗೆ ಬೋಧನಾ ಶುಲ್ಕವೇ ವರ್ಷಕ್ಕೆ ಸರಾಸರಿ 11,600 ಡಾಲರ್ ಹತ್ತಿರ ಇತ್ತು. ಇರಲು ಮನೆ, ಊಟ, ಪುಸ್ತಕ ಎಲ್ಲಾ ಬೇರೆ. ಸೋಫಿಯಾದಲ್ಲಿ ತಿಂಗಳಿಗೆ 99 ಡಾಲರ್ ಕಟ್ಟಿದರೆ ಆ ತಿಂಗಳಲ್ಲಿ ನಿಮ್ಮ ಕೈಲಾದಷ್ಟು ಕೋರ್ಸ್ ಮುಗಿಸಬಹುದು. ಒಂದು ಸಲಕ್ಕೆ ಎರಡು ಕೋರ್ಸ್ ಮಾತ್ರ ತೆರೆದಿರಬೇಕು, ಒಂದು ಮುಗಿದರೆ ಮುಂದಿನದು. ಸಂಜೆ ಮಕ್ಕಳು ಮಲಗಿದ ಮೇಲೆ ಕೂರುವವರಿಗೂ ತಿಂಗಳಿಗೆ ಎರಡು ಮೂರು ಕೋರ್ಸ್ ಕಷ್ಟವೇನಲ್ಲ. ಅಂದರೆ ನೀವು ದುಡ್ಡು ಕೊಡುತ್ತಿರುವುದು ಕೋರ್ಸಿಗಲ್ಲ, ತಿಂಗಳಿಗೆ. ಬೇಗ ಓದುವವರಿಗೆ ಇದು ತುಂಬಾ ಅಗ್ಗ. ತಿಂಗಳುಗಟ್ಟಲೆ ಲಾಗಿನ್ ಆಗದೆ ಸುಮ್ನೆ ಕಾರ್ಡ್‌ನಿಂದ ದುಡ್ಡು ಹೋಗಲು ಬಿಟ್ಟವರಿಗೆ ಅಗ್ಗವಲ್ಲ.

ಕೋರ್ಸ್ ಒಳಗೆ ಹೇಗಿರುತ್ತದೆ ಅಂತ ಸ್ಟಾಟಿಸ್ಟಿಕ್ಸ್ ಕೋರ್ಸ್ ಇಟ್ಟುಕೊಂಡು ಹೇಳುತ್ತೇನೆ. ಕೋರ್ಸನ್ನು ಯೂನಿಟ್‌ಗಳಾಗಿ ಮಾಡಿದ್ದಾರೆ. ಪ್ರತಿ ಯೂನಿಟ್‌ನಲ್ಲಿ ಚಿಕ್ಕ ಚಿಕ್ಕ ಪಾಠಗಳು, ಓದಲು ಬರಹ, ಜೊತೆಗೆ ವಿಡಿಯೊ. ನಾಲ್ಕೈದು ಪಾಠ ಆದ ಮೇಲೆ ಚಾಲೆಂಜ್ ಅಂತ ಕೆಲವು ಪ್ರಶ್ನೆ. ತಪ್ಪಾದರೆ ಯಾಕೆ ತಪ್ಪು ಅಂತ ವಿವರಣೆ ಬರುತ್ತದೆ, ಮತ್ತೆ ಪ್ರಯತ್ನಿಸಬಹುದು. ಯೂನಿಟ್ ಮುಗಿದರೆ ಮೈಲ್‌ಸ್ಟೋನ್ ಅನ್ನುವ ಪರೀಕ್ಷೆ, ಅದಕ್ಕೆ ಸಮಯದ ಮಿತಿ ಇದೆ, ಬಹು ಆಯ್ಕೆಯ ಪ್ರಶ್ನೆಗಳು. ಕೊನೆಗೆ ಇಡೀ ಕೋರ್ಸಿಗೆ ಒಂದು ಅಂತಿಮ ಮೈಲ್‌ಸ್ಟೋನ್. ಒಟ್ಟು ಶೇ. 70 ಬಂದರೆ ಪಾಸ್. ಕ್ಯಾಮೆರಾ ಮುಂದೆ ಕೂತು ಬರೆಯಬೇಕಾಗಿಲ್ಲ, ಟಿಪ್ಪಣಿ ನೋಡಿಕೊಳ್ಳಬಹುದು.

ಟಿಪ್ಪಣಿ ನೋಡಬಹುದು ಅಂದಮೇಲೆ ಓದುವುದೇ ಬೇಡ ಅಂದುಕೊಳ್ಳಬೇಡಿ. ಸ್ಟಾಟಿಸ್ಟಿಕ್ಸ್‌ನಲ್ಲಿ ಮೊದಲ ಯೂನಿಟ್ ಸುಲಭವಾಗಿ ಹೋಗುತ್ತದೆ, ಸ್ಯಾಂಪಲ್ ಅಂದರೇನು, ಸಮೀಕ್ಷೆಯಲ್ಲಿ ಪಕ್ಷಪಾತ ಎಲ್ಲಿಂದ ನುಸುಳುತ್ತದೆ, ಇಂಥವು. ಸರಾಸರಿ ಮತ್ತು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಹತ್ತಿರ ಬಂದಾಗಲೂ ತೊಂದರೆ ಇಲ್ಲ. ಒಂದು ಆಫೀಸಿನಲ್ಲಿ ಹತ್ತು ಜನರ ಸಂಬಳದ ಪಟ್ಟಿಯಲ್ಲಿ ಮಾಲೀಕನದನ್ನೂ ಸೇರಿಸಿದರೆ ಸರಾಸರಿ ಏಕ್‌ದಮ್ ಮೇಲೆ ಹೋಗುತ್ತದೆ, ಮೀಡಿಯನ್ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ, ಇದು ಒಂದು ಸಲ ತಲೆಗೆ ಹೋದರೆ ಮರೆಯುವುದಿಲ್ಲ. ಕಷ್ಟ ಶುರುವಾಗುವುದು ಹೈಪಾಥಿಸಿಸ್ ಟೆಸ್ಟಿಂಗ್‌ನಲ್ಲಿ, ಅಂದರೆ ಒಂದು ಊಹೆಯನ್ನು ಡೇಟಾ ಇಟ್ಟು ಪರೀಕ್ಷಿಸುವಲ್ಲಿ. ಅಲ್ಲಿ ಪಿ-ವ್ಯಾಲ್ಯೂ ಅಂದರೇನು ಅಂತ ನಿಜವಾಗಿ ಗೊತ್ತಿಲ್ಲದಿದ್ದರೆ ಎದುರಿಗೆ ಟಿಪ್ಪಣಿ ಇದ್ದರೂ ಯಾವ ಪುಟ ತೆರೆಯಬೇಕು ಅಂತಲೇ ತಿಳಿಯುವುದಿಲ್ಲ, ಗಡಿಯಾರ ಓಡುತ್ತಿರುತ್ತದೆ. ನಾನು ಆ ಯೂನಿಟ್‌ಗೆ ಕಾಗದ ಪೆನ್ನು ಇಟ್ಟುಕೊಂಡು, ಪ್ರತಿ ಉದಾಹರಣೆಯನ್ನೂ ಕೈಯಲ್ಲೇ ಲೆಕ್ಕ ಮಾಡಿ ನೋಡಿದೆ. ಇವತ್ತಿಗೂ ಆಫೀಸಿನಲ್ಲಿ ಯಾರಾದರೂ 'ಡೇಟಾ ಹೀಗೆ ಹೇಳುತ್ತಿದೆ' ಅಂದರೆ ಎಷ್ಟು ಜನರ ಡೇಟಾ ಅಂತ ಕೇಳುವ ಅಭ್ಯಾಸ ಆ ಕೋರ್ಸಿನಿಂದ ಬಂದದ್ದು.

ಇಂಗ್ಲಿಷ್ ಕಾಂಪೊಸಿಷನ್ ಬೇರೆ ರೀತಿ. ಅದರಲ್ಲಿ ಟಚ್‌ಸ್ಟೋನ್ ಅಂತ ಬರೆಯುವ ಕೆಲಸಗಳಿವೆ. ಪ್ರಬಂಧ ಬರೆದು ಒಪ್ಪಿಸಬೇಕು, ಅದನ್ನು ಒಬ್ಬರು ಓದಿ ಅಂಕ ಹಾಕುತ್ತಾರೆ, ವಾದ ಎಲ್ಲಿ ಸಡಿಲ ಇದೆ, ಆಧಾರ ಎಲ್ಲಿ ಕೊಟ್ಟಿಲ್ಲ ಅಂತ ಬರೆದು ಕಳಿಸುತ್ತಾರೆ, ನೀವು ತಿದ್ದಿ ಮತ್ತೆ ಬರೆಯಬೇಕು. ಅಂಕ ಬರಲು ದಿನಗಳು ಹಿಡಿಯುತ್ತವೆ. ಹಾಗಾಗಿ ಬರೆಯುವ ಕೆಲಸ ಇರುವ ಕೋರ್ಸನ್ನು ತಿಂಗಳ ಶುರುವಿನಲ್ಲೇ ತೆರೆಯಿರಿ. ಪ್ರಬಂಧ ಅವರ ಬಳಿ ಇರುವಾಗ ಜೊತೆಗಿನ ಕೋರ್ಸ್ ಓಡಿಸಿ. ತಿಂಗಳ ಕೊನೆಗೆ ಇಟ್ಟುಕೊಂಡರೆ ಬರೀ ಅಂಕಕ್ಕೆ ಕಾಯಲು ಇನ್ನೊಂದು ತಿಂಗಳ 99 ಡಾಲರ್ ಹೋಗುತ್ತದೆ.

ಸೋಫಿಯಾದ ಮಿತಿಗಳೂ ಇವೆ. ಅದರ ಬಹುತೇಕ ಕೋರ್ಸ್‌ಗಳು ಲೋಯರ್ ಲೆವೆಲ್, ಅಂದರೆ ಮೊದಲ ಎರಡು ವರ್ಷದಲ್ಲಿ ಓದುವಂಥವು. ಸೈಕಾಲಜಿ, ಸೋಷಿಯಾಲಜಿ, ಅರ್ಥಶಾಸ್ತ್ರ, ಕಾಲೇಜ್ ಆಲ್ಜೀಬ್ರಾ, ಅಮೆರಿಕದ ಇತಿಹಾಸ, ಅಕೌಂಟಿಂಗ್, ಇಂಥವುಗಳಿಗೆ ಇದಕ್ಕಿಂತ ಒಳ್ಳೆ ಜಾಗ ಕಡಿಮೆ ದುಡ್ಡಿನಲ್ಲಿ ನಾನು ನೋಡಿಲ್ಲ. ಡಿಗ್ರಿಗೆ ಬೇಕಾದ ಅಪ್ಪರ್ ಲೆವೆಲ್ ಕ್ರೆಡಿಟ್‌ಗಳನ್ನು ಬೇರೆ ಕಡೆ ಸಂಪಾದಿಸಬೇಕು. ಇನ್ನೊಂದು, ಇಲ್ಲಿಂದ ಬರುವ ಕ್ರೆಡಿಟ್‌ಗೆ ಸಾಮಾನ್ಯವಾಗಿ ಗ್ರೇಡ್ ಇರುವುದಿಲ್ಲ, ಪಾಸ್ ಅಷ್ಟೇ, ಹಾಗಾಗಿ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಸೇರುವುದಿಲ್ಲ. ಮುಂದೆ ಮಾಸ್ಟರ್ಸ್ ಮಾಡುವ ಆಸೆ ಇದ್ದರೆ ಇದನ್ನು ಯೋಚಿಸಿ, ಯಾಕೆಂದರೆ ನಿಮ್ಮ ಜಿಪಿಎ ಕಾಲೇಜಿನಲ್ಲೇ ಓದಿದ ಕೆಲವೇ ಕೋರ್ಸ್‌ಗಳ ಮೇಲೆ ನಿಲ್ಲುತ್ತದೆ. ಮೆಡಿಕಲ್‌ಗೆ ಹೋಗಬೇಕು ಅಂತಿರುವವರು ಬಯಾಲಜಿ, ಕೆಮಿಸ್ಟ್ರಿಯನ್ನು ಹೀಗೆ ಮುಗಿಸಲೇಬೇಡಿ, ಆ ಶಾಲೆಗಳು ಗ್ರೇಡ್ ಕೇಳುತ್ತವೆ, ಲ್ಯಾಬ್ ಕೇಳುತ್ತವೆ. ಸಿಪಿಎ, ಅಂದರೆ ಅಲ್ಲಿನ ಅಕೌಂಟೆಂಟ್ ಪರೀಕ್ಷೆ, ಬರೆಯುವವರು ತಮ್ಮ ರಾಜ್ಯದ ಬೋರ್ಡ್ ಏನು ಒಪ್ಪುತ್ತದೆ ಅಂತ ಮೊದಲೇ ಕೇಳಿ. ಫೆಡರಲ್ ಸಹಾಯಧನ ಸೋಫಿಯಾಕ್ಕೆ ಸಿಗುವುದಿಲ್ಲ, ಪೆಲ್ ಗ್ರ್ಯಾಂಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಸಹಾಯಧನ) ಇದ್ದವರಿಗೆ ಹತ್ತಿರದ ಎರಡು ವರ್ಷದ ಕಮ್ಯುನಿಟಿ ಕಾಲೇಜೇ ಕೆಲವು ಸಲ ಹೆಚ್ಚು ಅಗ್ಗ ಬೀಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ಬೇರೆ ದಾರಿಗಳಲ್ಲಿ ನನಗೆ ತುಂಬಾ ಗೌರವ ಇರುವುದು ಕ್ಲೆಪ್ ಪರೀಕ್ಷೆಗಳ ಮೇಲೆ. ಇವನ್ನು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ 1960ರ ದಶಕದಿಂದ ನಡೆಸುತ್ತಿದೆ, 34 ವಿಷಯಗಳಿವೆ, ಒಂದಕ್ಕೆ ಸುಮಾರು 95 ಡಾಲರ್, ಪರೀಕ್ಷಾ ಕೇಂದ್ರದ ಶುಲ್ಕ ಬೇರೆ. 20ರಿಂದ 80ರ ಅಳತೆಯಲ್ಲಿ 50 ಬಂದರೆ ಎಸಿಇ ಪ್ರಕಾರ ಪಾಸ್. ಒಂದೂವರೆ ಗಂಟೆ ಕೂತು ಬರೆದರೆ ಇಡೀ ಕೋರ್ಸಿನ ಕ್ರೆಡಿಟ್! ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆ ಪುಕ್ಕಟೆ ಕೋರ್ಸ್ ಕೊಟ್ಟು, ಅದನ್ನು ಮುಗಿಸಿದವರಿಗೆ ಪರೀಕ್ಷೆಯ ವೋಚರ್ ಕೂಡ ಕೊಡುತ್ತದೆ. ಎಸಿಇ ಕೋರ್ಸ್‌ಗಳನ್ನು ಮೂಸಿಯೂ ನೋಡದ ಎಷ್ಟೋ ಕಾಲೇಜುಗಳು ಕ್ಲೆಪ್ ಒಪ್ಪುತ್ತವೆ. ವಿಷಯ ಮೊದಲೇ ಚೆನ್ನಾಗಿ ಗೊತ್ತಿದ್ದರೆ ನೇರ ಕ್ಲೆಪ್ ಬರೆಯಿರಿ, ಹೊಸದಾಗಿ ಕಲಿಯಬೇಕಾದರೆ ಸೋಫಿಯಾ. ಭಾಷೆಗಳಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಾತ್ರ ಇವೆ. ಕನ್ನಡವೂ ಇದ್ದಿದ್ದರೆ ನಮ್ಮವರೆಷ್ಟೋ ಮಂದಿಗೆ ಉಪಕಾರವಾಗುತ್ತಿತ್ತು. ಒಂದೇ ವಿಷಯವನ್ನು ಎರಡೂ ಕಡೆ ಮಾಡಬೇಡಿ, ಕ್ರೆಡಿಟ್ ಒಂದೇ ಸಲ ಸಿಗುತ್ತದೆ.

ಸೋಫಿಯಾದಂಥದ್ದೇ ಇನ್ನೊಂದು, ಸ್ಟಡಿ ಡಾಟ್ ಕಾಮ್, ದುಬಾರಿ, ಆದರೆ ಅಲ್ಲಿ ಅಪ್ಪರ್ ಲೆವೆಲ್ ಕೋರ್ಸ್‌ಗಳಿವೆ, ಅಂತಿಮ ಪರೀಕ್ಷೆಗೆ ಕಣ್ಗಾವಲು ಇರುತ್ತದೆ. ಸೋಫಿಯಾದಲ್ಲಿ ಇಲ್ಲದ್ದಕ್ಕೆ ಮಾತ್ರ ಒಂದೋ ಎರಡೋ ತಿಂಗಳು ಅಲ್ಲಿಗೆ ಹೋಗಿ. ಸ್ಟ್ರೈಟರ್‌ಲೈನ್ ಕೂಡ ಇದೆ, ಅಲ್ಲಿ ಸದಸ್ಯತ್ವದ ಜೊತೆಗೆ ಪ್ರತಿ ಕೋರ್ಸಿಗೂ ಕೊಡಬೇಕು.

ಇನ್ನು ಕಾಲೇಜು. ಈ ದಾರಿಯಲ್ಲಿ ನಡೆಯುವವರು ಯಾವಾಗಲೂ ಹೇಳುವ ಮೂರು ಹೆಸರು: ನ್ಯೂಜೆರ್ಸಿಯ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ, ನ್ಯೂಯಾರ್ಕ್‌ನ ಎಕ್ಸೆಲ್ಸಿಯರ್, ಕನೆಕ್ಟಿಕಟ್‌ನ ಚಾರ್ಟರ್ ಓಕ್ ಸ್ಟೇಟ್ ಕಾಲೇಜ್. ಮೂರೂ 1970ರ ದಶಕದ ಆರಂಭದಲ್ಲಿ, ದುಡಿಯುವ ವಯಸ್ಕರಿಗಾಗಿಯೇ ಶುರುವಾದವು. ಹಳೆ ಕಾಲೇಜಿನ ಕ್ರೆಡಿಟ್, ಸೈನ್ಯದ ತರಬೇತಿ, ಪರೀಕ್ಷೆ, ಎಸಿಇ ಕೋರ್ಸ್ ಎಲ್ಲವನ್ನೂ ಧಾರಾಳವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಬೇರೆ ಕಡೆ ಸಾಮಾನ್ಯವಾಗಿ ಕನಿಷ್ಠ 30 ಕ್ರೆಡಿಟ್ ತಮ್ಮಲ್ಲೇ ಓದಬೇಕು ಅಂತ ಇರುತ್ತದೆ, ಇಲ್ಲಿ ಅದು ತುಂಬಾ ಕಡಿಮೆ, ಆದರೆ ಕೊನೆಗೆ ಕ್ಯಾಪ್‌ಸ್ಟೋನ್ ಅನ್ನುವ ಮುಕ್ತಾಯದ ಕೋರ್ಸ್ ಸಾಮಾನ್ಯವಾಗಿ ಅವರಲ್ಲೇ ಮಾಡಬೇಕು. ಇನ್ನೊಂದು ಬಗೆ ಡಬ್ಲ್ಯೂಜಿಯು, ಅಂದರೆ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ. ಅಲ್ಲಿ ಆರು ತಿಂಗಳಿಗೆ ಒಂದೇ ಶುಲ್ಕ, ಅಷ್ಟರಲ್ಲಿ ಎಷ್ಟು ಮುಗಿಸಿದರೂ ಸರಿ. ಮೇನ್ ರಾಜ್ಯದ ಪ್ರೆಸ್ಕ್ ಐಲ್ ವಿಶ್ವವಿದ್ಯಾಲಯದ ಯುವರ್‌ಪೇಸ್ ಕೂಡ ಅದೇ ಕ್ರಮ, ಎಂಟು ವಾರದ ಅವಧಿಗಳು. ಸೋಫಿಯಾದಲ್ಲಿ ಸಾಧಾರಣ ವಿಷಯಗಳನ್ನೆಲ್ಲಾ ಮುಗಿಸಿಕೊಂಡು ಇಂಥ ಕಡೆ ಮೇಜರ್ (ಮುಖ್ಯ ವಿಷಯ) ಮಾಡುವುದು ನನ್ನ ಪ್ರಕಾರ ಅತ್ಯಂತ ಸರಿಯಾದ ದಾರಿ.

ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಅಮೆರಿಕದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ನೀವೇ ನೋಡಿ. ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಕೈಗಿಡುವ ನಕಲಿ ಸಂಸ್ಥೆಗಳೂ ಇದೇ 'ಬೇಗ, ಅಗ್ಗ' ಅನ್ನುವ ಮಾತು ಹಿಡಿದುಕೊಂಡೇ ಬರುತ್ತವೆ. ಇಂಥ ಆನ್‌ಲೈನ್ ಡಿಗ್ರಿಗೆ ವಿದ್ಯಾರ್ಥಿ ವೀಸಾ ಕೂಡ ಸಿಗುವುದಿಲ್ಲ, ಹೊರದೇಶದಲ್ಲಿ ಕೂತು ಓದುವವರು ಇದು ತಿಳಿದಿರಲಿ.

ಮೊದಲು ಕಾಲೇಜು ಅಂತ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲು ಸೇರಬೇಕು ಅಂತಿದ್ದ ಒಂದು ವಿಶ್ವವಿದ್ಯಾಲಯದ ಅಡ್ವೈಸರ್ ಫೋನಿನಲ್ಲಿ "ಹೌದು, ಎಸಿಇ ಕ್ರೆಡಿಟ್ ತೆಗೆದುಕೊಳ್ಳುತ್ತೇವೆ" ಅಂದರು. ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆ. ಬಂದ ಮೇಲ್ ಬೇರೆಯೇ ಹೇಳುತ್ತಿತ್ತು: ಕ್ರೆಡಿಟ್ ಬರುತ್ತದೆ, ಆದರೆ ಎಲೆಕ್ಟಿವ್ (ಐಚ್ಛಿಕ ವಿಷಯ) ಆಗಿ ಮಾತ್ರ. ಅಂದರೆ ಸ್ಟಾಟಿಸ್ಟಿಕ್ಸ್ ಪಾಸಾಗಿದ್ದರೂ ಅವರ ಕಡ್ಡಾಯ ಸ್ಟಾಟಿಸ್ಟಿಕ್ಸ್ ಮತ್ತೆ ಓದಬೇಕು, ಅದರ ಶುಲ್ಕ ಮತ್ತೆ ಕಟ್ಟಬೇಕು. ಅವರು ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ದುಡ್ಡು ಎಣಿಸಿಕೊಂಡು ಓದಲು ಬರುವವರಿಗೆ ಅರ್ಧ ಮಾತು ಹೇಳುವುದು ಸರಿಯಲ್ಲ. ಅಮೆರಿಕದಲ್ಲಿ ಕಾಲೇಜಿಗೆ ಹೋಗಿಯೂ ಯಾವ ಡಿಗ್ರಿಯೂ ಕೈಗೆ ಬಾರದೆ ಉಳಿದ ದುಡಿಯುವ ವಯಸ್ಸಿನವರು 3.5 ಕೋಟಿಗೂ ಹೆಚ್ಚು ಇದ್ದಾರೆ. ಅವರಲ್ಲಿ ಒಬ್ಬೊಬ್ಬರಿಗೂ ಇಂಥ ಒಂದು ಅರ್ಧ ಮಾತಿನಿಂದ ಒಂದು ವರ್ಷವೇ ಹೋಗಿಬಿಡಬಹುದು.

ಹಾಗಾಗಿ ಕೇಳುವಾಗ 'ಒಪ್ಪುತ್ತೀರಾ' ಅಂತ ಕೇಳಬೇಡಿ. 'ಸೋಫಿಯಾದ ಈ ಕೋರ್ಸ್ ನನ್ನ ಡಿಗ್ರಿಯ ಯಾವ ಅವಶ್ಯಕತೆಯನ್ನು ತುಂಬುತ್ತದೆ' ಅಂತ ಕೇಳಿ. ಕೋರ್ಸಿನ ಪೂರ್ತಿ ಹೆಸರು ಬರೆಯಿರಿ. ಉತ್ತರ ಮೇಲ್‌ನಲ್ಲೇ ಬರಲಿ. ಸೋಫಿಯಾದ ಜೊತೆ ಒಪ್ಪಂದ ಇರುವ ಕಾಲೇಜುಗಳಲ್ಲಿ ಯಾವುದಕ್ಕೆ ಯಾವುದು ಸಮ ಅಂತ ಪಟ್ಟಿಯೇ ಇರುತ್ತದೆ, ಅಂಥ ಕಾಲೇಜು ಸಿಕ್ಕರೆ ಈ ತಲೆನೋವು ಅರ್ಧ ಕಡಿಮೆ. ಈ ಪಟ್ಟಿಗಳು ಬದಲಾಗುತ್ತಲೂ ಇರುತ್ತವೆ, ಸೇರುವ ದಿನದ ಪ್ರತಿ ಇಳಿಸಿ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಪ್ಪರ್ ಲೆವೆಲ್ ಕೋರ್ಸ್‌ಗಳು ಕಡಿಮೆ ಅಂತ ಅರ್ಧ ಕಳೆದಿದ್ದೇನೆ. ದುಡ್ಡು ಕಟ್ಟದೆಯೇ ಕೋರ್ಸ್ ಶುರು ಮಾಡಿ ನೋಡಲು ಬಿಡುತ್ತಾರೆ, ಕಾಲೇಜಿನ ಮೇಲ್ ಬರುವ ತನಕ ಅದರಲ್ಲೇ ನಿಮ್ಮ ವೇಗ ಎಷ್ಟು ಅಂತ ನೋಡಿಕೊಳ್ಳಿ. ಬೇಕಾದ ಕೋರ್ಸ್ ಎಲ್ಲಾ ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ಸೋಫಿಯಾದಿಂದಲೇ ನೇರ ಕಾಲೇಜಿಗೆ ಹೋಗುವಂತೆ ಮಾಡಿ, ಅದು ತಲುಪಿತು ಅಂತ ಕಾಲೇಜಿನಿಂದ ಉತ್ತರ ಬಂದ ಮೇಲೆ ಸದಸ್ಯತ್ವ ರದ್ದು ಮಾಡಿ.