ಶಾಸಕರ ಜನಸಂಪರ್ಕ ಕಚೇರಿ: ಅರ್ಜಿದಾರನೊಬ್ಬನ ವಿಮರ್ಶೆ

ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಶಾಸಕರ ಜನಸಂಪರ್ಕ ಕಚೇರಿಯಿದೆ. ನಾನು ಅಲ್ಲಿಗೆ ಹೋದದ್ದು ಒಂದು ಕಾಲುಸಂಕಕ್ಕಾಗಿ, ಅಂದರೆ ಹಳ್ಳವನ್ನು ನಡೆದು ದಾಟುವ ಕಿರುಸೇತುವೆಗಾಗಿ. ನಮ್ಮೂರಿನ ಹಳ್ಳಕ್ಕೆ ಅಡಿಕೆ ಮರದ ದಬ್ಬೆ ಹಾಸಿ ನಾವೇ ಕಟ್ಟುವ ಸಂಕ ಮಳೆಗಾಲದ ಮೊದಲ ನೆರೆಗೇ ತೇಲಿ ಹೋಗುತ್ತದೆ. ಆಮೇಲೆ ಆಚೆ ದಡದ ಮಕ್ಕಳು ಶಾಲೆಗೆ ಬರಬೇಕಾದರೆ ಕಾಡು ಬಳಸಿ ಬರಬೇಕು. ಚಿಕ್ಕವರನ್ನು ತಾಯಂದಿರು ಕಳಿಸುವುದೇ ಇಲ್ಲ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಯಾವ ಕಚೇರಿಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಟಪಾಲು ಬರೆದುಕೊಳ್ಳುವ ವಹಿಯ ಕಡೆಗೆ. ಆ ಲೆಕ್ಕದಲ್ಲಿ ಈ ಕಚೇರಿಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಬಾಗಿಲ ಬಳಿಯ ಮೇಜಿನ ಮೇಲೆ ಉದ್ದನೆಯ ಆವಕ ವಹಿ ತೆರೆದೇ ಇರುತ್ತದೆ. ಕ್ರಮಸಂಖ್ಯೆ, ತಾರೀಖು, ಅರ್ಜಿದಾರರ ಹೆಸರು, ಊರು, ವಿಷಯ, ಯಾವ ಇಲಾಖೆಗೆ ಕಳಿಸಿದರು ಎಂಬ ವಿವರ, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ತುಂಬುವ ‘ಫಲಿತಾಂಶ’ದ ಕಲಂ. ಆ ಕೆಂಪು ಸಾಲುಗಳನ್ನು ನಾನು ನಿಂತು ಓದಿದೆ. ‘ಅರಣ್ಯ ಪ್ರದೇಶ, ಸಾಧ್ಯವಿಲ್ಲ’. ‘ಖಾಸಗಿ ಜಮೀನು, ಒಪ್ಪಿಗೆ ಪತ್ರ ಬೇಕು’. ‘ಅನುದಾನವಿಲ್ಲ, ಮುಂದಿನ ಸಾಲಿಗೆ’. ಆಗದ ಕೆಲಸವನ್ನು ಆಗಲಿಲ್ಲ ಎಂದು ಕಾರಣ ಸಮೇತ ಬರೆದಿಡುವ ಧೈರ್ಯ ರಾಜಕಾರಣಿಯ ಕಚೇರಿಯಲ್ಲಿ ಕಾಣಸಿಗುವುದು ಅಪರೂಪ. ವಹಿ ಬರೆಯುವ ಹೆಣ್ಣುಮಗಳು ನನ್ನ ಅರ್ಜಿಗೆ ಮೊಹರು ಒತ್ತಿ, ಸ್ವೀಕೃತಿ ಚೀಟಿ ಹರಿದು ಕೊಟ್ಟು, “ಸರ್, ಹಳ್ಳದ ಅಗಲ ಎಷ್ಟಿದೆ? ಆಚೆ ದಡದಿಂದ ಎಷ್ಟು ಮಕ್ಕಳು ಬರುತ್ತಾರೆ? ಮುಖ್ಯೋಪಾಧ್ಯಾಯರಿಂದ ಬರೆಸಿ ತಂದರೆ ಕಡತಕ್ಕೆ ಬಲ ಬರುತ್ತದೆ” ಎಂದಳು. ಹೊಳೆನರಸೀಪುರದ ಕಡೆಯವಳಂತೆ. ಕಾಲುಸಂಕ ಎಂದರೇನೆಂದು ಇಲ್ಲಿಗೆ ಬಂದ ಮೇಲೆ ಕಲಿತಳಂತೆ, ಆದರೆ ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು.

ಶಾಸಕರ ಬಗ್ಗೆಯೂ ಹೇಳಬೇಕು. ಗ್ರಾಮ ಪಂಚಾಯಿತಿ ಸದಸ್ಯರಾಗಿ ಶುರು ಮಾಡಿ, ಜಿಲ್ಲಾ ಪಂಚಾಯಿತಿಗೆ ಹೋಗಿ, ವಿಧಾನಸಭೆಯ ಮೊದಲ ಚುನಾವಣೆಯಲ್ಲಿ ಸೋತು, ಮುಂದಿನದರಲ್ಲಿ ಗೆದ್ದವರು. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಹೀಗೆ ಮೆಟ್ಟಿಲು ಹತ್ತಿ ಬಂದವರು ನಮ್ಮ ರಾಜ್ಯದಲ್ಲಿ ಅನೇಕರು. ಇವರಿಗೆ ಅಂದಾಜು ಪಟ್ಟಿ ಓದಲು ಬರುತ್ತದೆ, ಚರಂಡಿಯ ಅಳತೆ ಗೊತ್ತು. ಆದರೆ ಈ ಮೆಟ್ಟಿಲುಗಳೇ ಈಗ ಮುರಿದಿವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಡುವಿನ ಸದಸ್ಯರು ಇಲ್ಲದ ಕಾರಣ ಪೈಪು ಒಡೆದದ್ದೂ ಬೀದಿದೀಪ ಕೆಟ್ಟದ್ದೂ ನೇರವಾಗಿ ಶಾಸಕರ ಮೇಜಿಗೇ ಬಂದು ಬೀಳುತ್ತವೆ. ಸೋಮವಾರ ಈ ಕಚೇರಿಯ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲದಿರುವುದಕ್ಕೆ ದೊಡ್ಡ ಕಾರಣ ಇದೇ. ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಸಾಗುವಳಿ ಮಾಡಿದವರ ಸಕ್ರಮದ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೂ ಶಾಸಕರೇ ಅಧ್ಯಕ್ಷರಾದ್ದರಿಂದ, ಆ ಅರ್ಜಿಯಾದ ನಮೂನೆ 57 ಹಿಡಿದವರ ಸಾಲು ಬೇರೆ.

ಜನರು ತಪ್ಪು ತಿಳಿದಿರುವ ಒಂದು ವಿಷಯವಿದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಆ ಹಣ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಕೊಡುವುದು ಜಿಲ್ಲಾಧಿಕಾರಿ. ಇಡೀ ತಾಲ್ಲೂಕಿನ ಸಮುದಾಯ ಭವನ, ಶಾಲಾ ಕೊಠಡಿ, ರಸ್ತೆಗಳಿಗೆ ಹಂಚಿದರೆ ಅದು ಎಲ್ಲಿಗೂ ಸಾಲದು. ಈ ಕಚೇರಿಯ ಗೋಡೆಯ ಮೇಲೆ ಆ ವರ್ಷ ಶಿಫಾರಸು ಮಾಡಿದ ಕಾಮಗಾರಿಗಳ ಪಟ್ಟಿಯನ್ನು ಊರಿನ ಹೆಸರು, ಮೊತ್ತದ ಸಮೇತ ಅಂಟಿಸಿದ್ದಾರೆ. ನಮ್ಮೂರು ಅದರಲ್ಲಿ ಇರಲಿಲ್ಲ. ಇಲ್ಲದಿದ್ದರೂ ಪಟ್ಟಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿದ್ದಕ್ಕೆ ನಾನು ಋಣಿ.

ಈಗ ನನ್ನ ಮೆಚ್ಚುಗೆಯ ಮುಖ್ಯ ಕಾರಣಕ್ಕೆ ಬರುತ್ತೇನೆ. ನನ್ನಂಥದ್ದೇ ಅರ್ಜಿಗಳು ಬೇರೆ ಊರುಗಳಿಂದಲೂ ಬಂದಿದ್ದವು. ವಹಿ ನೋಡಿಕೊಂಡು ಆ ಹುಡುಗಿ ಎಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸಿದ್ದಳು. ಶಾಸಕರು ಅದನ್ನು ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಪ್ರಶ್ನೆಯಾಗಿ ಒಯ್ದರು: ಈ ಕ್ಷೇತ್ರದಲ್ಲಿ ಕಾಲುಸಂಕ ಬೇಕಾದ ಹಳ್ಳಗಳೆಷ್ಟು, ಯಾವುವು, ಯಾವಾಗ ಕಟ್ಟುತ್ತೀರಿ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಇವರದು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಲಿಖಿತ ಉತ್ತರ ಬಂತು. ಉತ್ತರದ ಅನುಬಂಧದಲ್ಲಿ ಹಳ್ಳಗಳ ಪಟ್ಟಿಯಿತ್ತು. ಕಚೇರಿಯವರು ಅದನ್ನು ಮುದ್ರಿಸಿ, ಅರ್ಜಿ ಕೊಟ್ಟವರನ್ನೆಲ್ಲ ಕರೆಸಿ, “ನಿಮ್ಮ ಊರು ಇದೆಯೇ ನೋಡಿಕೊಳ್ಳಿ” ಎಂದು ಕೈಗೆ ಕೊಟ್ಟರು. ನಮ್ಮ ಹಳ್ಳದ ಹೆಸರೇ ಬಿಟ್ಟುಹೋಗಿತ್ತು! ಸರ್ಕಾರದ ಲೆಕ್ಕದಲ್ಲಿ ನಮ್ಮ ಹಳ್ಳವೇ ಇಲ್ಲ ಎಂಬುದು ಆ ಕಾಗದ ಬರದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಅದೇ ವಾರ ಶಾಸಕರ ಪತ್ರ ಸಂಬಂಧಪಟ್ಟ ಇಲಾಖೆಗೆ ಹೋಯಿತು, ಕಿರಿಯ ಎಂಜಿನಿಯರ್ ಟೇಪು ಹಿಡಿದು ಬಂದು ಎರಡೂ ದಡ ಅಳೆದರು, ಅಂದಾಜು ಪಟ್ಟಿ ತಯಾರಾಯಿತು. 224 ಸದಸ್ಯರ ಸದನದಲ್ಲಿ ಒಬ್ಬ ಶಾಸಕ ಮಾಡಬಹುದಾದ, ಬೇರೆ ಯಾರೂ ಮಾಡಲಾಗದ ಕೆಲಸ ಇದು. ಜಗಲಿಯ ಅರ್ಜಿಯನ್ನು ಸದನದವರೆಗೆ ಮುಟ್ಟಿಸುವುದು ಎಂದರೆ ಇದೇ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಸರದಿ ಎಂಬುದು ವಹಿಯಲ್ಲಿದೆ, ಬಾಗಿಲಲ್ಲಿಲ್ಲ. ಬಿಳಿ ಅಂಗಿಯ ಮುಖಂಡರು ಬಂದರೆ ನೇರವಾಗಿ ಒಳಗೆ ಹೋಗುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಬಂದ ಮುದುಕಿ ಮಧ್ಯಾಹ್ನದವರೆಗೂ ಜಗಲಿಯಲ್ಲೇ ಕೂತಿರುತ್ತಾಳೆ. ಇದನ್ನು ನೋಡಿ ನನಗೆ ಸಿಟ್ಟು ಬಂತು, ಆಪ್ತ ಸಹಾಯಕರಿಗೆ ಹೇಳಿಯೂ ಬಂದೆ. ವರ್ಗಾವಣೆಗೆ ಶಿಫಾರಸು ಪತ್ರ ಕೇಳುವವರಿಂದಲೇ ಅರ್ಧ ದಿನ ಹಾಳಾಗುತ್ತದೆ. 2025ರಲ್ಲಿ ಶಾಸಕರ ತಿಂಗಳ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ ಏರಿಸಿದಾಗ ನಮ್ಮೂರ ಕಟ್ಟೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನನ್ನ ತಕರಾರು ವೇತನದ್ದಲ್ಲ, ಸಮಯದ್ದು. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಕ್ರಿಕೆಟ್ ಪಂದ್ಯದ ಉದ್ಘಾಟನೆ ಎಂದು ಅವರ ದಿನಚರಿ ತುಂಬಿಹೋಗಿದೆ. ಬರದಿದ್ದರೆ ಮುನಿಸಿಕೊಳ್ಳುವವರು ನಾವೇ. ಅವರು ನಾಲ್ಕು ಮದುವೆ ಬಿಟ್ಟು ಎರಡು ಪ್ರಶ್ನೆ ಹೆಚ್ಚು ಕೇಳಲಿ ಎಂಬುದು ನನ್ನ ಆಸೆ, ಅದನ್ನು ವಹಿಯ ಪಕ್ಕದ ಸಲಹಾ ಪೆಟ್ಟಿಗೆಗೂ ಬರೆದು ಹಾಕಿದ್ದೇನೆ.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ಬೇಡ. ಅಧಿವೇಶನ ನಡೆಯುವ ದಿನಗಳಲ್ಲಿ ಹೋಗಿ. ಶಾಸಕರು ಇರುವುದಿಲ್ಲ, ಆದರೆ ಸಿಬ್ಬಂದಿಗೆ ನಿಮ್ಮ ಮಾತು ಕೇಳಲು ಬಿಡುವಿರುತ್ತದೆ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ನಮ್ಮ ಸಂಕದ ಅಂದಾಜು ಪಟ್ಟಿಗೆ ಒಪ್ಪಿಗೆ ಸಿಕ್ಕಿದೆ, ಟೆಂಡರ್ ಇನ್ನೂ ಆಗಿಲ್ಲ. ವಹಿಯಲ್ಲಿ ನಮ್ಮ ಸಾಲಿನ ಕೆಂಪು ಕಲಂ ಖಾಲಿಯಿದೆ, ಕೆಲಸ ಮುಗಿಯುವವರೆಗೆ ಅದನ್ನು ತುಂಬಬೇಡಿ ಎಂದು ಹೇಳಿ ಬಂದಿದ್ದೇನೆ.