ಜರ್ಮನಿಗೆ ಕಳಿಸ್ತೀವಿ ಅನ್ನೋ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟೋ ಮುಂಚೆ

ಪಿಯುಸಿ ಮುಗಿಸಿದ ಮಕ್ಕಳನ್ನು ಓದಲು ಜರ್ಮನಿಗೆ ಕಳಿಸುವ ಯೋಚನೆಯಲ್ಲಿರುವವರು ದಯವಿಟ್ಟು ಓದಿ. ನನ್ನ ತಮ್ಮನಿಗೆ ಒಂದು ವರ್ಷ ಹೋಯಿತು, ಅಪ್ಪನಿಗೆ ದುಡ್ಡು ಹೋಯಿತು. ಬೆಂಗಳೂರಿನ ಆ ಕನ್ಸಲ್ಟೆನ್ಸಿಯ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅವರ ವರಸೆ ತಿಳಿದರೆ ಸಾಕು, ಬೇರೆ ಬೋರ್ಡಿನ ಕೆಳಗೂ ಗುರುತು ಸಿಗುತ್ತದೆ.

"ಪಿಸಿಎಂನಲ್ಲಿ ತೊಂಬತ್ತರ ಮೇಲಿದೆ ಸರ್, ಡೈರೆಕ್ಟ್ ಅಡ್ಮಿಷನ್. ಜರ್ಮನ್ ಎ1 ಮಾಡ್ಕೊಂಡ್ರೆ ಸಾಕು." ಮೊದಲ ದಿನವೇ ಅಪ್ಪನಿಗೆ ಹೇಳಿದ ಮಾತಿದು. ನಮ್ಮ ದ್ವಿತೀಯ ಪಿಯುಸಿ ಒಂದನ್ನೇ ತೋರಿಸಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ನೇರ ಬ್ಯಾಚುಲರ್ಸ್ ಸೇರಲು ಆಗುವುದಿಲ್ಲ, ಅಂಕ ಎಷ್ಟೇ ಇರಲಿ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಇಲ್ಲಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಪದವಿಯ ಮೊದಲ ವರ್ಷ ಮುಗಿಸಿರಬೇಕು. ಎರಡೂ ಇಲ್ಲವೆಂದರೆ ಸ್ಟುಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತೆ, ಕೊನೆಗೊಂದು ಪರೀಕ್ಷೆ. ಬಹುತೇಕ ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಒಳಗೆ ಹೋಗಲು ಜರ್ಮನ್‌ನಲ್ಲೇ ಪ್ರವೇಶ ಪರೀಕ್ಷೆ ಬರೆಯಬೇಕು, ಬಿ1 ಅಥವಾ ಬಿ2 ಮಟ್ಟ ಬೇಕು. ಎ1 ಅಂದರೆ ಭಾಷೆಯ ಮೊದಲ ಮೆಟ್ಟಿಲು, ಅಂಗಡಿಯಲ್ಲಿ ಬ್ರೆಡ್ಡು ಕೇಳುವಷ್ಟು.

ಇನ್ನು ಎಪಿಎಸ್. ದೆಹಲಿಯಲ್ಲಿ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಇದು. ಶುಲ್ಕ 18,000 ರೂಪಾಯಿ. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಕಡ್ಡಾಯವಾಗಿದೆ. "ಅದು ವೀಸಾ ಟೈಮಲ್ಲಿ ನೋಡ್ಕೊಳ್ಳೋಣ ಬಿಡಿ" ಎಂದರು. ಆದರೆ ಅನೇಕ ವಿಶ್ವವಿದ್ಯಾಲಯಗಳು ಅದನ್ನು ಅರ್ಜಿಯ ಜೊತೆಗೇ ಕೇಳುತ್ತವೆ. ತಮ್ಮನ ಅರ್ಜಿ ಯೂನಿ-ಅಸಿಸ್ಟ್ ಮೂಲಕ, ಅಂದರೆ ಅಲ್ಲಿನ ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಸಂಸ್ಥೆಯ ಮೂಲಕ ಹೋಗಿತ್ತು. ಎಪಿಎಸ್ ಇಲ್ಲ, ಕಳಿಸಿ ಎಂದು ಜೂನ್‌ನಲ್ಲೇ ಅಲ್ಲಿಂದ ಮೆಸೇಜು ಬಂದಿದೆ. ನಮಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಖಾತೆ ತೆರೆದಿದ್ದು ಕನ್ಸಲ್ಟೆನ್ಸಿಯ ಇಮೇಲ್‌ನಿಂದ, ಪಾಸ್‌ವರ್ಡ್ ಅವರ ಹತ್ತಿರ. ಜುಲೈ 15 ಕೊನೆಯ ದಿನವಾಗಿತ್ತು, ಎಪಿಎಸ್ ಕಳಿಸದೆ ಅದು ದಾಟಿಹೋಯಿತು. ಆಮೇಲೆ ಅಪ್ಪ ಆಫೀಸಿನಲ್ಲೇ ಕೂತು ಜೋರು ಮಾಡಿದ ಮೇಲೆ ಪಾಸ್‌ವರ್ಡ್ ಕೊಟ್ಟರು. ತೆರೆದು ನೋಡಿದರೆ, ಐದು ಕಡೆ ಹಾಕಿದ್ದೇವೆ ಎಂದು ಫೀಸು ತೆಗೆದುಕೊಂಡವರು ಹಾಕಿದ್ದು ಒಂದೇ ಕಡೆಗೆ.

ಅಷ್ಟರಲ್ಲಿ "ಕಂಗ್ರಾಚುಲೇಷನ್ಸ್" ಎಂದು ವಾಟ್ಸಾಪಿನಲ್ಲಿ ಒಂದು ಆಫರ್ ಲೆಟರ್ ಬಂದಿತ್ತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ಜರ್ಮನಿಯಲ್ಲೇ ಇರುವ ನನ್ನ ಗೆಳತಿಗೆ ಕಳಿಸಿದೆ. ಅವಳು ಎರಡನೇ ಪುಟದ ಕೊನೆಯ ಪ್ಯಾರಾಕ್ಕೆ ಕೆಂಪು ಗೀಟು ಎಳೆದು ವಾಪಸ್ ಕಳಿಸಿದಳು. ಅದು ವಿಶ್ವವಿದ್ಯಾಲಯದ್ದಲ್ಲ, ಖಾಸಗಿ ಸ್ಟುಡಿಯನ್‌ಕೊಲೆಗ್‌ದು. ಸಾವಿರಾರು ಯೂರೋ ಫೀಸು, ಕೊನೆಯ ಪರೀಕ್ಷೆಯನ್ನು ಹೊರಗಿನ ಅಭ್ಯರ್ಥಿಯಾಗಿ ಬೇರೆ ಕಡೆ ಬರೆಯಬೇಕು. ಖಾಸಗಿಯವೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಉಚಿತ ಸರ್ಕಾರಿ ಸೀಟಿನಿಂದ ಏಜೆಂಟರಿಗೆ ಕಮಿಷನ್ ಹುಟ್ಟುವುದಿಲ್ಲ, ಇವರು ಎತ್ತ ತಳ್ಳುತ್ತಾರೆ ಅನ್ನುವುದು ನಿಮಗೇ ಅರ್ಥವಾಗುತ್ತದೆ.

ವೀಸಾಕ್ಕಾಗಿ ಒಂದು ವರ್ಷದ ಖರ್ಚು ಮುಂಚೆಯೇ ಇಟ್ಟು ತೋರಿಸಬೇಕಾದ ಬ್ಲಾಕ್ಡ್ ಅಕೌಂಟಿನ ದುಡ್ಡನ್ನೂ "ನಮ್ಮ ಮೂಲಕ ಹಾಕಿ" ಅಂದಿದ್ದರು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಅದು ಯಾರಿಗೂ ಕೊಡುವ ಫೀಸಲ್ಲ. ವಿದ್ಯಾರ್ಥಿಯ ಹೆಸರಿನಲ್ಲೇ ಇದ್ದು, ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಖರ್ಚಿಗೇ ಸಿಗುತ್ತದೆ. ಪುಣ್ಯಕ್ಕೆ ಅಮ್ಮ ಒಡವೆ ಅಡ ಇಡಲು ಒಪ್ಪಲಿಲ್ಲ.

ಪಿಯುಸಿಗೆ ಏನೇನು ಅರ್ಹತೆ ಸಿಗುತ್ತದೆ ಎಂದು ಡಿಎಎಡಿ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಜಾಲತಾಣದಲ್ಲಿ ಇಂಗ್ಲಿಷ್‌ನಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ಮಾನ್ಯತೆಯನ್ನು ಅನಾಬಿನ್ ಎಂಬ ಜರ್ಮನ್ ಜಾಲತಾಣದಲ್ಲಿ ನೋಡಬಹುದು, ಹೆಸರಿನ ಮುಂದೆ ಎಚ್ ಪ್ಲಸ್ (H+) ಇದ್ದರೆ ಮಾನ್ಯತೆ ಇದೆ ಎಂದರ್ಥ. ಕನ್ಸಲ್ಟೆನ್ಸಿ ಹಿಡಿದರೂ ಎಪಿಎಸ್, ಯೂನಿ-ಅಸಿಸ್ಟ್ ಖಾತೆಗಳು ಮಗುವಿನ ಸ್ವಂತ ಇಮೇಲ್‌ನಲ್ಲೇ ಇರಲಿ. ಇದಕ್ಕೆ ಒಪ್ಪದವರ ಆಫೀಸಿನಿಂದ ಕಾಫಿ ಕುಡಿದು ಎದ್ದು ಬನ್ನಿ.

ತಮ್ಮ ಈಗ ತುಮಕೂರಿನಲ್ಲಿ ಬಿಎಸ್ಸಿ ಮೊದಲ ವರ್ಷದಲ್ಲಿದ್ದಾನೆ, ಜೊತೆಗೆ ಆನ್‌ಲೈನಿನಲ್ಲಿ ಬಿ1 ಕಲಿಯುತ್ತಿದ್ದಾನೆ. ವರ್ಷ ಪಾಸಾದರೆ ಅದೇ ವಿಷಯಕ್ಕೆ ನೇರವಾಗಿ ಅರ್ಜಿ ಹಾಕಬಹುದು. ರಸೀದಿಯಲ್ಲಿ "ನಾನ್ ರಿಫಂಡಬಲ್" ಎಂದು ಸೀಲು ಹೊಡೆದಿದ್ದಾರೆ, ಆದರೂ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಪ್ಪನಿಗೆ ಮೆಸೇಜು ಅಳಿಸುವ ಅಭ್ಯಾಸವಿಲ್ಲ, ಹಾಗಾಗಿ "ಡೈರೆಕ್ಟ್ ಅಡ್ಮಿಷನ್ ಗ್ಯಾರಂಟಿ ಸರ್" ಅನ್ನುವ ವಾಯ್ಸ್ ಮೆಸೇಜು ಇನ್ನೂ ಫೋನಿನಲ್ಲಿದೆ. ನಿಮಗೂ ಹೀಗಾಗಿದ್ದರೆ ಅವರ ಚಾಟ್ ಅಳಿಸಬೇಡಿ.