ಎರಡನೇ ಬೆಳೆ ಇಲ್ಲದ ವರ್ಷ ರೊಕ್ಕ ಎಲ್ಲಿ ಹಾಕಲಿ ಅಂತ ಯೋಚಿಸುತ್ತಿರುವವರು ಇದನ್ನು ಓದಿ

ಹೋದ ವಾರ ಅಂಗಡಿಗೆ ಬಂದ ಪರಿಚಯದ ರೈತರೊಬ್ಬರು ಗೊಬ್ಬರ ಕೇಳಲಿಲ್ಲ. ಮೊಬೈಲ್ ತೆಗೆದು ತೋರಿಸಿ, "ಸಾವಕಾರ್ರ, ಈ ಬೆಳ್ಳಿ ಇಟಿಎಫ್ ಅಂದ್ರ ಏನ್ರಿ? ನಮ್ಮ ಅಳಿಯ ಇದ್ದ ರೊಕ್ಕ ಎಲ್ಲಾ ಇದಕ್ಕ ಹಾಕ್ರಿ ಅಂತಾನ" ಅಂದರು. ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ, ಬೆಳ್ಳಿಯ ಬೆಲೆಯ ಜೊತೆ ಏರಿಳಿಯುವ ಫಂಡ್ ಅದು. ಅವರ ಎಫ್‌ಡಿ ಮುಗಿದಿದೆ. ಮತ್ತೆ ಇಡಲು ಹೋದರೆ ಬಡ್ಡಿ ಮೊದಲಿನಷ್ಟಿಲ್ಲ. ತುಂಗಭದ್ರಾ ಡ್ಯಾಮಿನ ಗೇಟು ಬದಲಿಸುವ ಕೆಲಸಕ್ಕಾಗಿ ಈ ಸಲ ಎರಡನೇ ಬೆಳೆಗೆ ನೀರೂ ಇಲ್ಲ. ಹೊಲ ದುಡಿಯದಿದ್ದರೆ ರೊಕ್ಕವಾದರೂ ದುಡಿಯಲಿ ಎಂಬ ಆಸೆ. ಆ ಆಸೆ ನನಗೆ ಚೆನ್ನಾಗಿ ಗೊತ್ತು. ಇದೇ ಆಸೆಯಿಂದ 2024ರ ಜನವರಿಯಲ್ಲಿ ನಾನು ಮಾಡಿದ್ದನ್ನು ಅವರಿಗೆ ಒಂದು ತಾಸು ಕೂತು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಮಾಲು ತುಂಬಬೇಕು, ರೈತರಿಗೆ ಉದ್ರಿ ಕೊಡಬೇಕು, ಭತ್ತ ಮಾರಿದ ಮೇಲೆ ವಸೂಲಿ. ವಸೂಲಾದ ರೊಕ್ಕ ಮುಂದಿನ ಸೀಜನ್ ತನಕ ಎಫ್‌ಡಿಯಲ್ಲಿ ಕೂರುತ್ತಿತ್ತು. ನಮ್ಮ ತಂದೆಯ ಕಾಲದಿಂದಲೂ ಹೀಗೇ ನಡೆದಿತ್ತು.

2023ರಲ್ಲಿ ಬರ ಬಿತ್ತು, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಅಂಗಡಿ ಖಾಲಿ ಹೊಡೆಯುತ್ತಿತ್ತು. ಆಗಲೇ 16 ಲಕ್ಷ ರೂಪಾಯಿಯ ಎಫ್‌ಡಿ ಮುಗಿಯಿತು. ಅದರಲ್ಲಿ 10 ಲಕ್ಷ ಅಂಗಡಿಯ ಸೀಜನ್ ರೊಕ್ಕ, 6 ಲಕ್ಷ ಮಗಳ ಎಂಜಿನಿಯರಿಂಗಿಗೆ ಎತ್ತಿಟ್ಟದ್ದು. ಅವಳು ಆಗ ಮೊದಲ ಪಿಯುಸಿ. ಅಂದರೆ ಎರಡೂ ಗಂಟಿಗೆ ತಾರೀಕು ಇತ್ತು. ಒಂದು ಪ್ರತಿ ಮೇ ತಿಂಗಳು, ಇನ್ನೊಂದು 2025ರ ಮಧ್ಯಭಾಗ. ಈ ತಾರೀಕುಗಳನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಗಂಗಾವತಿಯಲ್ಲಿ ಮ್ಯೂಚುವಲ್ ಫಂಡ್ (ಬಹಳ ಜನರ ರೊಕ್ಕ ಕೂಡಿಸಿ ಷೇರು ಮುಂತಾದವಕ್ಕೆ ಹಾಕುವ ವ್ಯವಸ್ಥೆ) ಮಾಡಿಸುವ ಹುಡುಗನೊಬ್ಬ ಮನೆಗೆ ಬಂದ. ಅವನು ಮೋಸಗಾರ ಅಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಲೈಸೆನ್ಸ್ ಇತ್ತು, ಫಂಡುಗಳು ದೊಡ್ಡ ಸಂಸ್ಥೆಗಳವೇ, ರೊಕ್ಕ ನನ್ನ ಹೆಸರಿನಲ್ಲೇ ಇತ್ತು. "ಎಫ್‌ಡಿಯಾಗ ಏಳು ಪರ್ಸೆಂಟ್ ಬರ್ತೈತಿ ಸಾವಕಾರ್ರ. ಸ್ಮಾಲ್‌ಕ್ಯಾಪ್ ಹೋದ ವರ್ಷ ನಲವತ್ತರ ಮ್ಯಾಲ ಕೊಟ್ಟೈತಿ. ನಾಲ್ಕು ಫಂಡಿಗೆ ಹಂಚಿ ಹಾಕೋಣು, ರಿಸ್ಕ್ ಕಡಿಮಿ ಆಗ್ತೈತಿ" ಅಂದ. ಸ್ಮಾಲ್‌ಕ್ಯಾಪ್ ಅಂದರೆ ಸಣ್ಣ ಕಂಪನಿಗಳ ಷೇರು. 2023ರಲ್ಲಿ ಅವುಗಳ ಬೆಲೆಯ ಒಟ್ಟು ಏರಿಳಿತ ತೋರಿಸುವ ಸೂಚ್ಯಂಕ ಅಷ್ಟು ಏರಿದ್ದು ನಿಜವೇ. 2018ರ ಆರಂಭದಿಂದ 2020ರ ಮಾರ್ಚ್ ತನಕ ಅದೇ ಸೂಚ್ಯಂಕ ಅರ್ಧಕ್ಕಿಂತ ಹೆಚ್ಚು ಕುಸಿದಿದ್ದೂ ನಿಜ. ಅದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಿದ್ದು ನನ್ನ ಹೆಂಡತಿ. "ಹುಡುಗಿ ಫೀಜಿಗೆ ಬೇಕಂದಾಗ ಬರ್ತಾವೇನಪಾ?" ಅಂದಳು. "ಮೂರೇ ದಿನದಾಗ ಅಕೌಂಟಿಗೆ ಬರ್ತಾವ್ರಿ ಅಕ್ಕಾರ" ಅಂದ. ಅವನ ಉತ್ತರದಲ್ಲಿ ಸುಳ್ಳಿಲ್ಲ. ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು, ಎಷ್ಟು ಬರುತ್ತದೆ ಅನ್ನುವುದಕ್ಕೆ ಸಿಗಲಿಲ್ಲ. ಎರಡು ಸ್ಮಾಲ್‌ಕ್ಯಾಪ್, ಎರಡು ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳವು), ತಲಾ 4 ಲಕ್ಷ ಹಾಕಿದೆ.

ಆಮೇಲೆ ಆರು ತಿಂಗಳು ಒಟ್ಟಾರೆ ಏರಿತು. ನನ್ನನ್ನು ಕೆಡಿಸಿದ್ದು ಆ ಆರು ತಿಂಗಳು. 2024ರ ಮಾರ್ಚ್‌ನಲ್ಲಿ ಸ್ಮಾಲ್‌ಕ್ಯಾಪ್, ಮಿಡ್‌ಕ್ಯಾಪ್ ಫಂಡುಗಳು ಒತ್ತಡ ಪರೀಕ್ಷೆಯ ಲೆಕ್ಕ ಪ್ರಕಟಿಸಲು ಶುರುಮಾಡಿದವು. ಜನ ಒಮ್ಮೆಲೇ ರೊಕ್ಕ ವಾಪಸ್ ಕೇಳಿದರೆ ಫಂಡಿನ ಕಾಲುಭಾಗ, ಅರ್ಧಭಾಗ ಮಾರಲು ಎಷ್ಟು ದಿನ ಬೇಕು ಎಂಬ ಲೆಕ್ಕ ಅದು. ಪೇಪರಿನಲ್ಲಿ ಓದಿ ಪುಟ ತಿರುಗಿಸಿದೆ. ಜೂನ್ 4ರಂದು ಲೋಕಸಭೆ ಫಲಿತಾಂಶದ ದಿನ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 4,390 ಅಂಶ ಬಿತ್ತು. ಎದೆ ಹೊಡೆದುಕೊಂಡಿತು, ಆದರೆ ಕೆಲವೇ ದಿನಗಳಲ್ಲಿ ಎಲ್ಲ ವಾಪಸ್ ಬಂತು. ಬಿದ್ದದ್ದು ಬೇಗ ಏಳುತ್ತದೆ ಅಂತ ಅವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದಕ್ಕೂ ಮುಂಚೆ ಇನ್ನೊಂದು ತಪ್ಪು ನಡೆದಿತ್ತು, ಅದೇ ದೊಡ್ಡದು. ಮೇ ತಿಂಗಳಲ್ಲಿ ಮಾಲು ತುಂಬಲು ಫಂಡಿನಿಂದ ರೊಕ್ಕ ತೆಗೆಯಬೇಕಿತ್ತು. "ಬೆಳಿಯೋದನ್ನ ಯಾಕ ಕೀಳ್ತೀರಿ? ಬ್ಯಾಂಕಿನ ಸಿಸಿ ಐತೆಲ್ಲಾ, ಅದನ್ನ ಬಳಸ್ರಿ" ಅಂದ ಹುಡುಗ. ಸಿಸಿ ಅಂದರೆ ವ್ಯಾಪಾರಸ್ಥರು ಬೇಕಾದಾಗ ಎತ್ತಿ, ರೊಕ್ಕ ಬಂದಾಗ ಕಟ್ಟುವ ಬ್ಯಾಂಕ್ ಸಾಲ. ಅದರಿಂದ 8 ಲಕ್ಷ ಎತ್ತಿದೆ, ಬಡ್ಡಿ ಶೇ 10.5. ಮೊದಲ ಎಂಟು ತಿಂಗಳಿಗೇ 56 ಸಾವಿರ ರೂಪಾಯಿ ಕಟ್ಟಿದೆ. ಸಾಲ ಮಾಡಿ ಷೇರಿಗೆ ಹಾಕುತ್ತೀರಾ ಅಂತ ಯಾರಾದರೂ ಕೇಳಿದ್ದರೆ ಛೇ ಅನ್ನುತ್ತಿದ್ದೆ. ಮಾಡಿದ್ದು ಮಾತ್ರ ಅದನ್ನೇ. ನನ್ನ ಸ್ವಂತ ರೊಕ್ಕ ಸ್ಮಾಲ್‌ಕ್ಯಾಪ್‌ನಲ್ಲಿ, ಸಾಲದ ರೊಕ್ಕ ಅಂಗಡಿಯಲ್ಲಿ. ಹೆಸರು ಬೇರೆ, ಲೆಕ್ಕ ಒಂದೇ.

ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನಾಟಿ ಮಾಡಿದ ಭತ್ತ ಗದ್ದೆಯಲ್ಲಿತ್ತು, ನನ್ನ ಉದ್ರಿ ಎಲ್ಲ ಆ ಗದ್ದೆಯ ಮೇಲಿತ್ತು. ತಾತ್ಕಾಲಿಕ ಗೇಟು ಕೂರಿಸುವ ತನಕ ಈ ಭಾಗದಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಆ ವಾರವೇ ಹುಡುಗ ಮತ್ತೆ ಬಂದ. ನನ್ನ 16 ಲಕ್ಷ ಆಗ 19 ಲಕ್ಷ 40 ಸಾವಿರ ಆಗಿತ್ತು. ಮಿಡ್‌ಕ್ಯಾಪ್ ಎರಡನ್ನೂ ತೆಗೆದು ಒಂದು ಡಿಫೆನ್ಸ್ ಫಂಡ್, ಒಂದು ಸರ್ಕಾರಿ ಕಂಪನಿಗಳ ಫಂಡಿಗೆ ಹಾಕೋಣ, ಈಗ ಓಡುತ್ತಿರುವುದು ಅವೇ ಅಂದ. ಅಂಗಡಿಯಲ್ಲಿ ಹೋದದ್ದನ್ನು ಇಲ್ಲಿ ತುಂಬಿಕೊಳ್ಳಬಹುದು ಅನ್ನಿಸಿತು. ಭಯದಲ್ಲಿದ್ದ ಮನುಷ್ಯ ರೊಕ್ಕದ ತೀರ್ಮಾನ ಮಾಡಬಾರದು. ನಾನು ಮಾಡಿದೆ.

ಆ ಬದಲಾವಣೆಗೆ ಏನು ಖರ್ಚಾಯಿತು ಅಂತ ಆಮೇಲೆ ಲೆಕ್ಕ ಹಾಕಿದೆ. ಫಂಡಿನಿಂದ ಫಂಡಿಗೆ ಬದಲಾಯಿಸುವುದೂ ಆದಾಯ ತೆರಿಗೆಯ ಲೆಕ್ಕದಲ್ಲಿ ಮಾರಾಟವೇ. 8 ಲಕ್ಷ ಹಾಕಿದ್ದು 9 ಲಕ್ಷ 70 ಸಾವಿರ ಆಗಿತ್ತು. ವರ್ಷ ತುಂಬದ್ದರಿಂದ ಶೇ 1 ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಫಂಡ್ ಹಿಡಿದುಕೊಳ್ಳುವ ಶುಲ್ಕ), 9,700 ರೂಪಾಯಿ ಹೋಯಿತು. ಜುಲೈ 23ರ ಬಜೆಟ್ಟಿನಲ್ಲಿ ಅಲ್ಪಾವಧಿ ಲಾಭದ (ವರ್ಷದೊಳಗೆ ಮಾರಿ ಬಂದ ಲಾಭದ) ತೆರಿಗೆ ಶೇ 15ರಿಂದ 20ಕ್ಕೆ ಏರಿತ್ತು. ಸೆಸ್ ಸೇರಿ 33 ಸಾವಿರದ ಮೇಲೆ ತೆರಿಗೆ ಬಿತ್ತು. ಹಾಕುವಾಗ ಈ ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾಲ್ಕು ಫಂಡ್ ಇದ್ದವು, ಹಂಚಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಯಾವ ಫಂಡಿನಲ್ಲಿ ಯಾವ ಕಂಪನಿಗಳ ಷೇರು ಇವೆ ಎಂಬ ತಿಂಗಳ ಪಟ್ಟಿ ತೆಗೆದು ನೋಡಿದರೆ ಡಿಫೆನ್ಸ್ ಫಂಡಿನಲ್ಲಿದ್ದ ಎಚ್‌ಎಎಲ್, ಬಿಇಎಲ್ ಸರ್ಕಾರಿ ಕಂಪನಿಗಳ ಫಂಡಿನಲ್ಲೂ ಇದ್ದವು. ಆ ಕಂಪನಿಗಳ ತಪ್ಪೇನಿಲ್ಲ. ಅವು ರಕ್ಷಣಾ ಕಂಪನಿಗಳೂ ಹೌದು, ಸರ್ಕಾರಿ ಕಂಪನಿಗಳೂ ಹೌದು. ಸ್ಮಾಲ್‌ಕ್ಯಾಪ್ ಎರಡರ ಪಟ್ಟಿಯಲ್ಲೂ ಅವವೇ ಹೆಸರು ಮತ್ತೆ ಮತ್ತೆ. ನಮ್ಮ ಕಡೆಯವರಿಗೆ ಇದು ಥಟ್ಟನೆ ತಿಳಿಯುತ್ತದೆ: ನಾಲ್ಕು ತೂಬಿನ ಕೆಳಗೆ ನಾಲ್ಕು ಹೊಲ ಇದ್ದರೂ ನೀರು ಬರುವುದು ಒಂದೇ ಕಾಲುವೆಯಿಂದ. ಕಾಲುವೆ ಬಂದ್ ಆದರೆ ನಾಲ್ಕೂ ಒಣಗುತ್ತವೆ.

ಸೆಪ್ಟೆಂಬರ್ 27ಕ್ಕೆ ಸೆನ್ಸೆಕ್ಸ್ 86 ಸಾವಿರದ ಹತ್ತಿರ ಹೋಗಿ ತಿರುಗಿತು. ಅಕ್ಟೋಬರಿನಿಂದ ವಿದೇಶಿ ಹೂಡಿಕೆದಾರರು ಮಾರುತ್ತಲೇ ಹೋದರು. 2025ರ ಫೆಬ್ರುವರಿ ಹೊತ್ತಿಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕ ತನ್ನ ಶಿಖರದಿಂದ ಶೇ 20ಕ್ಕಿಂತ ಹೆಚ್ಚು ಇಳಿದಿತ್ತು. ಜೂನ್‌ನಂತೆ ಏಳುತ್ತದೆ ಅಂತ ದಿನಾ ಕಾಯ್ದೆ. ಇತ್ತ ಉದ್ರಿ ಪೂರ್ತಿ ವಸೂಲಾಗಿರಲಿಲ್ಲ, ಬ್ಯಾಂಕಿನವರು ಸಿಸಿ ನವೀಕರಿಸಬೇಕಾದರೆ ಬಾಕಿ ಇಳಿಸಿ ಅಂದರು.

ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಸುಂಕ ಘೋಷಿಸಿದರು. ಏಪ್ರಿಲ್ 7, ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಸೆನ್ಸೆಕ್ಸ್ 4 ಸಾವಿರದ ಹತ್ತಿರ ಬಿದ್ದಿತ್ತು. ಮಗಳ ದ್ವಿತೀಯ ಪಿಯುಸಿ ಫಲಿತಾಂಶ ಮರುದಿನ. ಸಿಸಿ ಕಟ್ಟಬೇಕು, ಮಾಲು ತುಂಬಬೇಕು, ಫೀಜು ಕಟ್ಟಬೇಕು. ಹುಡುಗ ಫೋನಿನಲ್ಲಿ "ತಡೀರಿ, ಇದು ಮಾರೋ ಟೈಮ್ ಅಲ್ಲ" ಅಂದ. ಅವನು ಹೇಳಿದ್ದು ಸರಿಯೇ ಇತ್ತು. ಆದರೆ ತಡೆಯುವುದಕ್ಕೆ ಬೇಕಾದ ಪುರಸೊತ್ತು ನನ್ನ ರೊಕ್ಕಕ್ಕೆ ಇರಲಿಲ್ಲ. ಮಧ್ಯಾಹ್ನ ಮೂರರೊಳಗೆ ನಾಲ್ಕನ್ನೂ ಮಾರಿದೆ. ಕೈಗೆ ಬಂದದ್ದು 14 ಲಕ್ಷ 83 ಸಾವಿರ.

ಜೂನ್ ಕೊನೆಗೆ ಸೆನ್ಸೆಕ್ಸ್ ಮತ್ತೆ 83 ಸಾವಿರ ದಾಟಿತು. ಇದನ್ನು ಓದಿ "ಅಯ್ಯೋ, ಎರಡು ತಿಂಗಳು ಕಾಯಬೇಕಿತ್ತು" ಅನ್ನಬೇಡಿ. ನಂಟರೆಲ್ಲ ಹಾಗೇ ಅಂದರು. 2018ರಲ್ಲಿ ಹಾಕಿದವರು ವರ್ಷಗಟ್ಟಲೆ ಕಾದಿದ್ದಾರೆ. ಶೇ 25 ಇಳಿದದ್ದು ಮೊದಲಿನ ಮಟ್ಟಕ್ಕೆ ಬರಲು ಶೇ 33 ಏರಬೇಕು, ಅರ್ಧ ಆದದ್ದು ದುಪ್ಪಟ್ಟಾಗಬೇಕು. ಎಷ್ಟು ದಿನಕ್ಕೆ ಅಂತ ಬರೆದುಕೊಡುವವರು ಯಾರೂ ಇಲ್ಲ. ಮೇ ತಿಂಗಳಿಗೆ ಬೇಕಾದ ರೊಕ್ಕವನ್ನು ಅಲ್ಲಿಗೆ ಕಳಿಸಬಾರದಿತ್ತು, ಅಷ್ಟೇ.

ತೆರಿಗೆಯಲ್ಲಿ ಬಿದ್ದ ಇನ್ನೊಂದು ಪೆಟ್ಟು ಹೇಳಲೇಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ಡಿಫೆನ್ಸ್, ಸರ್ಕಾರಿ ಕಂಪನಿ ಫಂಡುಗಳಲ್ಲಿ ನನಗಾದ ಅಲ್ಪಾವಧಿ ನಷ್ಟ ಎರಡೂವರೆ ಲಕ್ಷದ ಮೇಲೆ. ಅವನ್ನು ಮಾರ್ಚ್ 31ರೊಳಗೆ ಮಾರಿದ್ದರೆ ಆಗಸ್ಟಿನ ಲಾಭಕ್ಕೆ ಈ ನಷ್ಟ ವಜಾ ಆಗಿ ಆ 33 ಸಾವಿರ ತೆರಿಗೆ ಬೀಳುತ್ತಲೇ ಇರಲಿಲ್ಲ. ನಾನು ಮಾರಿದ್ದು ಏಪ್ರಿಲ್ 7ಕ್ಕೆ, ಹೊಸ ಆರ್ಥಿಕ ವರ್ಷ. ಈ ನಷ್ಟವನ್ನು ಮುಂದಿನ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಹಿಂದಕ್ಕೆ ಒಯ್ಯಲು ಬರುವುದಿಲ್ಲ. ಅಸಲಿನಲ್ಲೇ ಕಳೆದುಕೊಂಡವನು ಲಾಭದ ತೆರಿಗೆ ಕಟ್ಟಿದೆ. ಲೆಕ್ಕ ಬರೆಯುವವರು ಇದನ್ನು ಹೇಳಿದ ದಿನ ರಾತ್ರಿ ಊಟ ಸೇರಲಿಲ್ಲ.

ಎಫ್‌ಡಿಯಲ್ಲೇ ಬಿಟ್ಟಿದ್ದರೆ 16 ಲಕ್ಷ ಆ ಹೊತ್ತಿಗೆ 17 ಲಕ್ಷ 40 ಸಾವಿರ ಆಗುತ್ತಿತ್ತು. ತೆರಿಗೆ, ಸಿಸಿ ಬಡ್ಡಿ ಎಲ್ಲ ಸೇರಿಸಿದರೆ ಮೂರು ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. ಮಗಳಿಗೆ ಸೀಟು ಸಿಕ್ಕಿತು, ಫೀಜಿನ ಮೊದಲ ಕಂತಿಗೆ ಹೆಂಡತಿಯ ಪಾಟಲಿ ಅಡವಿಟ್ಟೆ.

ಹುಡುಗನನ್ನು ದೂರುವ ಆಸೆ ನನಗಿಲ್ಲ, ಆದರೆ ಅವನ ಗಳಿಕೆ ಎಲ್ಲಿಂದ ಬರುತ್ತದೆ ಅಂತ ನಿಮಗೆ ಗೊತ್ತಿರಬೇಕು. ವಿತರಕರಿಗೆ ಫಂಡ್ ಸಂಸ್ಥೆ ಕಮಿಷನ್ ಕೊಡುತ್ತದೆ, ಅದು ಫಂಡಿನ ವೆಚ್ಚದಿಂದ, ಅಂದರೆ ನಮ್ಮ ರೊಕ್ಕದಿಂದಲೇ ಹೋಗುತ್ತದೆ. ಎಫ್‌ಡಿಯಲ್ಲಿ ಕೂತ ರೊಕ್ಕದಿಂದ ಅವನಿಗೆ ಏನೂ ಸಿಗುವುದಿಲ್ಲ. ಹಾಗಾಗಿ "ಇದು ಎಫ್‌ಡಿಯಲ್ಲೇ ಇರಲಿ" ಅಂತ ಅವನ ಬಾಯಿಂದ ಬರುವುದು ಕಷ್ಟ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು ಬೇರೆ, ಅವರು ನಮ್ಮಿಂದಲೇ ಫೀಜು ತೆಗೆದುಕೊಂಡು ಹೇಳುತ್ತಾರೆ. ಯಾರ ಹತ್ತಿರ ಹೋದರೂ ಮೊದಲ ಮಾತು "ಈ ರೊಕ್ಕ ನಿಮಗೆ ಯಾವಾಗ ಬೇಕು?" ಅಂತ ಬರದಿದ್ದರೆ ಎದ್ದು ಬನ್ನಿ.

ಈಗ ನಾನು ಸೀಜನ್ ರೊಕ್ಕವನ್ನು ಬ್ಯಾಂಕಿನಲ್ಲೇ ಇಟ್ಟಿದ್ದೇನೆ. ಮಗಳ ಪ್ರತಿ ವರ್ಷದ ಫೀಜಿಗೆ ಬೇರೆ ಬೇರೆ ಎಫ್‌ಡಿ, ಆಯಾ ಜುಲೈಗೆ ಮುಗಿಯುವಂತೆ. ಏಳೆಂಟು ವರ್ಷ ಮುಟ್ಟುವುದಿಲ್ಲ ಅನ್ನುವ ರೊಕ್ಕ ಮಾತ್ರ ತಿಂಗಳಿಗೆ 5 ಸಾವಿರದಂತೆ ಇಂಡೆಕ್ಸ್ ಫಂಡಿಗೆ (ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಕೊಳ್ಳುವ ಫಂಡ್) ಹೋಗುತ್ತದೆ. ಅದು ಬಿದ್ದರೂ ನಾನು ನೋಡುವುದಿಲ್ಲ, ನೋಡಬೇಕಾದ ತಾರೀಕು ಇನ್ನೂ ದೂರ ಇದೆ.

ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2025ರ ಫೆಬ್ರುವರಿಯಿಂದ ಡಿಸೆಂಬರ್ ಒಳಗೆ ಶೇ 6.5ರಿಂದ 5.25ಕ್ಕೆ ಇಳಿಯಿತು, ಎಫ್‌ಡಿ ಬಡ್ಡಿಯೂ ಜೊತೆಗೇ ಇಳಿಯಿತು. ಅದಕ್ಕಾಗಿ ಹೆಚ್ಚು ಬಡ್ಡಿ ಕೊಡುವ ಸೌಹಾರ್ದ ಸಹಕಾರಿ ಸೊಸೈಟಿಗಳ ಕಡೆ ಓಡುವವರನ್ನೂ ನೋಡುತ್ತಿದ್ದೇನೆ. ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸೊಸೈಟಿಗಳಿಗೆ ಅದು ಇಲ್ಲ. ಕಳೆದದ್ದನ್ನು ಆಪ್ಷನ್ಸ್‌ನಲ್ಲಿ (ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಆಡುವ ವಹಿವಾಟು) ತೆಗೆಯುತ್ತೇನೆ ಅನ್ನುವ ಹುಡುಗರಿಗೆ ಸೆಬಿಯ ಲೆಕ್ಕ ತೋರಿಸಿ: 2021-22ರಿಂದ 2023-24ರ ತನಕ ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಆ ರೈತರಿಗೆ ಕೊನೆಗೆ ಒಂದೇ ಕೇಳಿದೆ, ಎಫ್‌ಡಿ ರೊಕ್ಕ ಯಾತಕ್ಕೆ ಇಟ್ಟದ್ದು ಅಂತ. "ಸಣ್ಣ ಮಗಳ ಮದುವಿಗ್ರಿ, ಈ ಬ್ಯಾಸಗಿಗೆ" ಅಂದರು. ಆಮೇಲೆ ಅವರೇ ಮೊಬೈಲ್ ಕಿಸೆಗಿಟ್ಟುಕೊಂಡು, ಬ್ಯಾಂಕು ಎಷ್ಟು ಗಂಟೆ ತನಕ ತೆರೆದಿರುತ್ತದೆ ಅಂತ ಕೇಳಿದರು.